ಊರ ಬಾಗಿಲಲ್ಲಿ ನಿಂತು ಕರೆಯುವವಳು

2023ರ ನವೆಂಬರ್ 18, ಶನಿವಾರ ಸಂಜೆ. ಮರುದಿನ ಸಾಧಾರಣ ಕಾಲದ 33ನೆಯ ಭಾನುವಾರ. ನಮ್ಮ ಧರ್ಮಕೇಂದ್ರದಲ್ಲಿ ಅಂದಿನ ಮೊದಲನೆಯ ವಾಚನವನ್ನು ಓದುವ ಸರದಿ ನಮ್ಮ ಮನೆಯಾಕೆಯದಾಗಿತ್ತು. ಆಕೆ ವಾಚನವನ್ನು ಹಿಂದಿನ ದಿನವೇ ಎರಡು ಮೂರು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳುವವರು. ಅಂದು ಓದುತ್ತಾ ಓದುತ್ತಾ ನಡುವೆ ನಿಂತರು. ವಾಚನದ ಮೇಲಿದ್ದ ಅಂಕಿಗಳನ್ನು ತೋರಿಸಿ, “ನೋಡಿ ಇಲ್ಲಿ, ಹದಿಮೂರಾದ ಮೇಲೆ ಹತ್ತೊಂಬತ್ತು, ಇಪ್ಪತ್ತಾದ ಮೇಲೆ ಮೂವತ್ತು. ನಡುವೆ ಇದ್ದದ್ದೆಲ್ಲ ಎಲ್ಲಿಗೆ ಹೋಯಿತು?” ಎಂದು ಕೇಳಿದರು. ಪೂಜೆಯ ಸಮಯ ಮಿತವಾದುದರಿಂದ ಬಿಟ್ಟಿರಬಹುದು ಎಂದೆವು. ಅವರು ಬೈಬಲನ್ನು ತೆಗೆದು ಬಿಟ್ಟ ವಚನಗಳನ್ನು ಹುಡುಕಿದರು. ಸ್ವಲ್ಪ ಹೊತ್ತಿನ ಮೇಲೆ, “ಅವಳು ಹೊಲ ಕೊಂಡದ್ದನ್ನು ಬಿಟ್ಟಿದ್ದಾರೆ” ಎಂದು ಹೇಳಿ ಅಡುಗೆಮನೆಗೆ ಹೋದರು.

ಅದು ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯ. ಸಮರ್ಥಳಾದ ಗೃಹಿಣಿಯ ಗುಣಗಾನವೆಂದು ನಮ್ಮ ಓದುಗರಲ್ಲಿ ಬಹುತೇಕರಿಗೆ ಅದು ಪರಿಚಿತವೇ. ವಿವಾಹದ ಪೂಜೆಗೆ ಆರಿಸಿಕೊಳ್ಳಬಹುದಾದ ವಾಚನಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಹಿಬ್ರೂ ಮೂಲದಲ್ಲಿ ಅದು 22 ವಚನಗಳ ಪದ್ಯ. ಹಿಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದು ವಚನ ಆರಂಭವಾಗುತ್ತದೆ. ಭಾನುವಾರದ ವಾಚನದಲ್ಲಿ ನಾವು ಕೇಳುವುದು ಎಂಟನ್ನು ಮಾತ್ರ. ಪತಿ ಅವಳನ್ನು ನಂಬುತ್ತಾನೆ, ಅವಳು ಉಣ್ಣೆಯನ್ನೂ ನಾರನ್ನೂ ಹುಡುಕಿ ತರುತ್ತಾಳೆ, ಕದಿರು ಹಿಡಿದು ನೂಲುತ್ತಾಳೆ, ಬಡವರಿಗೆ ಕೈಚಾಚಿ ಕೊಡುತ್ತಾಳೆ, ರೂಪಕ್ಕಿಂತ ದೈವಭಯವೇ ದೊಡ್ಡದು ಎನ್ನುವ ವಚನಗಳು ಉಳಿದಿವೆ. ಅವಳು ದೂರದ ವರ್ತಕರ ಹಡಗಿನಂತೆ ಆಹಾರವನ್ನು ತರುವುದು, ಹೊಲವನ್ನು ನೋಡಿ ಯೋಚಿಸಿ ಕೊಳ್ಳುವುದು, ತನ್ನ ಸಂಪಾದನೆಯಿಂದಲೇ ದ್ರಾಕ್ಷಿತೋಟ ಹಾಕಿಸುವುದು, ತೋಳಿನಲ್ಲಿ ಬಲವಿರುವುದು, ವ್ಯಾಪಾರದ ಲಾಭವನ್ನು ತಾನೇ ಕಂಡುಕೊಳ್ಳುವುದು, ನಾರುಮಡಿ ನೇಯ್ದು ಮಾರುವುದು, ಬರುವ ದಿನಗಳನ್ನು ನೆನೆದು ನಗುವುದು – ಇವೆಲ್ಲ ಹೋಗಿವೆ. ಎಲ್ಲಕ್ಕಿಂತ ಮಿಗಿಲಾಗಿ, ಅವಳು ಬಾಯಿ ತೆರೆದರೆ ಬರುವುದು ಜ್ಞಾನದ ಮಾತು, ಅವಳ ನಾಲಗೆಯಲ್ಲಿರುವುದು ಕರುಣೆಯ ಬೋಧೆ ಎನ್ನುವ 26ನೆಯ ವಚನವೂ ಇಲ್ಲ. ಕದಿರು ಉಳಿಯಿತು, ಬಾಯಿ ಹೋಯಿತು.

ಇದರಲ್ಲಿ ದುರುದ್ದೇಶವನ್ನು ಹುಡುಕುವುದು ನಮ್ಮ ಇಚ್ಛೆಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅನಂತರ 1969ರಲ್ಲಿ ಹೊಸ ವಾಚನಕ್ರಮವನ್ನು ರೂಪಿಸಿದವರು ಹಳೆಯ ಒಡಂಬಡಿಕೆಯನ್ನು ಹಿಂದೆಂದಿಗಿಂತ ಹೆಚ್ಚಾಗಿ ನಮ್ಮ ಕಿವಿಗೆ ತಲುಪಿಸಿದರು. ಅದಕ್ಕಾಗಿ ನಾವು ಅವರಿಗೆ ಋಣಿಗಳು. ಆದರೆ ಆ ಭಾನುವಾರದ ಶುಭಸಂದೇಶ ಯಾವುದೆಂಬುದನ್ನು ಓದುಗರು ನೆನಪಿಸಿಕೊಳ್ಳಬೇಕು. ಅದು ತಲಾಂತುಗಳ ಸಾಮತಿ. ಒಡೆಯನು ಕೊಟ್ಟ ಹಣವನ್ನು ವ್ಯಾಪಾರದಲ್ಲಿ ತೊಡಗಿಸಿ ಇಮ್ಮಡಿ ಮಾಡಿದ ಸೇವಕರಿಗೆ ಮೆಚ್ಚುಗೆ, ಹೆದರಿ ನೆಲದಲ್ಲಿ ಹೂತಿಟ್ಟವನಿಗೆ ಶಿಕ್ಷೆ. ಆ ಸಾಮತಿಗೆ ಜೊತೆಯಾಗಲೆಂದೇ ಈ ಗೃಹಿಣಿಯ ಪದ್ಯವನ್ನು ಆರಿಸಲಾಗಿದೆ. ಹಾಗಿದ್ದೂ, ಅವಳ ಕೊಳ್ಳುವಿಕೆ, ಮಾರುವಿಕೆ, ಲಾಭ ಇವೇ ವಾಚನದಿಂದ ಬಿಟ್ಟುಹೋಗಿವೆ. ಹೂತಿಟ್ಟದ್ದು ಸೇವಕನೊಬ್ಬನೇ ಅಲ್ಲವೇನೋ ಎಂದು ನಮಗೆ ಅನ್ನಿಸಿದ್ದುಂಟು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮಹಾಸಭೆಗೆ ಮುನ್ನ, ಲತೀನ್ ಪೂಜೆಯ ಕಾಲದಲ್ಲಿ, ಸಂತ ಅನ್ನಮ್ಮನವರ ಹಬ್ಬದಂದು ಈ ಪದ್ಯವನ್ನು 22 ವಚನಗಳೂ ಬಿಡದಂತೆ ಓದುತ್ತಿದ್ದರು. ನಮ್ಮ ಅಜ್ಜಿಯಂದಿರು ಅದನ್ನು ಪೂರ್ತಿ ಕೇಳಿದರು. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗುವ ಭಾಷೆ ಬಂದಾಗ ಪದ್ಯ ಮೊಟಕಾಯಿತು. ಯೆಹೂದ್ಯರ ಅನೇಕ ಮನೆಗಳಲ್ಲಿ ಮಾತ್ರ ಕೆಲವು ಶತಮಾನಗಳಿಂದ ಬಂದ ರೂಢಿ ಇನ್ನೂ ನಡೆದಿದೆ: ಶುಕ್ರವಾರ ಸಂಜೆ, ಸಬ್ಬತ್ತಿನ ಊಟಕ್ಕೆ ಕೂರುವ ಮುನ್ನ, ಮನೆಯ ಯಜಮಾನ ಈ ಪದ್ಯವನ್ನು ಆದಿಯಿಂದ ಅಂತ್ಯದವರೆಗೆ ಹಾಡುತ್ತಾನೆ.

ಆ ಪದ್ಯದ ಮೊದಲ ಮಾತನ್ನು ನಾವು ‘ಗುಣವತಿ’ ಎಂದು ಅರ್ಥಮಾಡಿಕೊಳ್ಳುವುದು ವಾಡಿಕೆ. ಹಿಬ್ರೂವಿನಲ್ಲಿ ಅದು ‘ಎಶೆತ್ ಹಯಿಲ್’. ‘ಹಯಿಲ್’ ಎಂದರೆ ಬಲ, ಪರಾಕ್ರಮ. ಯುದ್ಧವೀರರನ್ನು ಬಣ್ಣಿಸುವಾಗಲೂ ಬಳಸುವ ಮಾತು, ಸೈನ್ಯಕ್ಕೂ ಅದೇ ಹೆಸರು. ಬೈಬಲಿನಲ್ಲಿ ಈ ಬಿರುದನ್ನು ಹೆಸರು ಹಿಡಿದು ಪಡೆದ ಸ್ತ್ರೀ ಒಬ್ಬಳೇ: ಪರದೇಶದವಳೂ ವಿಧವೆಯೂ ಆಗಿದ್ದ ರೂತಳು. ಆಗ ಅವಳಿಗೆ ಗಂಡನೂ ಇರಲಿಲ್ಲ, ಮನೆಯೂ ಇರಲಿಲ್ಲ. 1008ರ ಸುಮಾರಿಗೆ ಬರೆಯಲಾದ ಲೆನಿನ್‌ಗ್ರಾಡ್ ಹಸ್ತಪ್ರತಿಯಲ್ಲಿ ಜ್ಞಾನೋಕ್ತಿಗಳ ಗ್ರಂಥ ಮುಗಿದೊಡನೆ ಬರುವುದು ರೂತಳ ಕಥೆಯೇ.

ಆದರೆ ಕೊನೆಯ ಅಧ್ಯಾಯದ ಈ ಗೃಹಿಣಿ ಯಾರೆಂದು ತಿಳಿಯಬೇಕಾದರೆ ಗ್ರಂಥದ ಮೊದಲ ಅಧ್ಯಾಯಗಳಿಗೆ ಹೋಗಬೇಕು. ಅಲ್ಲಿ ಜ್ಞಾನವೇ ಒಬ್ಬ ಸ್ತ್ರೀಯಾಗಿ ನಮ್ಮೆದುರು ಬರುತ್ತಾಳೆ. ಬಂದು ನಿಲ್ಲುವುದು ಎಲ್ಲಿ? ದೇವಾಲಯದ ಒಳಗಲ್ಲ, ಅಂತಃಪುರದಲ್ಲಲ್ಲ. ಬೀದಿಯಲ್ಲಿ, ಸಂತೆಯ ಗದ್ದಲದಲ್ಲಿ, ದಾರಿಗಳು ಕೂಡುವಲ್ಲಿ, ಪಟ್ಟಣದ ಬಾಗಿಲಲ್ಲಿ. ಪ್ರಾಚೀನ ಇಸ್ರಯೇಲಿನಲ್ಲಿ ಪಟ್ಟಣದ ಬಾಗಿಲೆಂದರೆ ಕೇವಲ ಹೋಗಿಬರುವ ದಾರಿಯಲ್ಲ. ನಮ್ಮ ಊರ ಚಾವಡಿ ಇದ್ದಂತೆ. ಹಿರಿಯರು ಕುಳಿತು ನ್ಯಾಯ ತೀರಿಸುತ್ತಿದ್ದದ್ದು, ಭೂಮಿಯ ಕ್ರಯವನ್ನು ಸಾಕ್ಷಿಗಳ ಮುಂದೆ ಮುಗಿಸುತ್ತಿದ್ದದ್ದು ಅಲ್ಲಿಯೇ. ಬೋವಜನು ರೂತಳ ವಿಷಯವನ್ನೂ ಅವಳ ಗಂಡನ ಹೊಲದ ವಿಷಯವನ್ನೂ ತೀರ್ಮಾನಿಸಿದ್ದು ಬಾಗಿಲಿನ ಹತ್ತು ಮಂದಿ ಹಿರಿಯರ ಮುಂದೆ. ಗಂಡಸರು ಕೂರುವ ಆ ಜಾಗದಲ್ಲಿ ಜ್ಞಾನವೆಂಬಾಕೆ ನಿಂತು ದನಿಯೆತ್ತಿ ಕರೆಯುತ್ತಾಳೆ. ಕೇಳದವರನ್ನು ಗದರುತ್ತಾಳೆ ಕೂಡ. ಕರೆದಾಗ ಬಾರದವರು ಆಪತ್ತಿನಲ್ಲಿ ಕೂಗಿದರೆ ತಾನು ನಕ್ಕುಬಿಡುತ್ತೇನೆಂದು ಎಚ್ಚರಿಸುತ್ತಾಳೆ. ಸೌಮ್ಯತೆಯೇ ಸ್ತ್ರೀಯ ಭೂಷಣವೆಂದು ನಂಬಿರುವ ನಮಗೆ ಈ ದನಿ ಸ್ವಲ್ಪ ಇರಿಸುಮುರಿಸು ತರುವುದು ಸಹಜ.

ಜ್ಞಾನಕ್ಕೆ ಹಿಬ್ರೂವಿನಲ್ಲಿ ‘ಹೊಖ್ಮಾ’ ಎನ್ನುತ್ತಾರೆ. ಆ ಪದ ವ್ಯಾಕರಣದಲ್ಲಿ ಸ್ತ್ರೀಲಿಂಗ. ಗ್ರೀಕಿನ ‘ಸೊಫಿಯಾ’, ಲತೀನಿನ ‘ಸಪಿಯೆಂಷಿಯಾ’ ಕೂಡ ಹಾಗೆಯೇ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಜ್ಞಾನ ನಮಗೆ ನಪುಂಸಕಲಿಂಗ, ‘ಅದು’. ಆದ್ದರಿಂದ ಕನ್ನಡದ ಓದುಗನಿಗೆ ಅವಳು ತಾನಾಗಿ ಕಾಣಿಸಳು. ‘ಜ್ಞಾನವೆಂಬಾಕೆ’ ಎಂದು ಬರೆದಾಗ ಮಾತ್ರ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿರುವುದು ಗೋಚರಿಸುತ್ತದೆ. ಹಾಗೆಂದು ಇದೆಲ್ಲ ಬರಿಯ ವ್ಯಾಕರಣದ ಆಟವೆಂದು ತಳ್ಳಿಹಾಕುವಂತಿಲ್ಲ. ಹಿಬ್ರೂವಿನಲ್ಲಿ ಸ್ತ್ರೀಲಿಂಗದ ಪದಗಳು ಬೇಕಾದಷ್ಟಿವೆ. ಅವೆಲ್ಲ ಎದ್ದು ಬಂದು ಬೀದಿಯಲ್ಲಿ ಮಾತನಾಡುವುದಿಲ್ಲ.

ಹೊಖ್ಮಾ ಎಂದರೆ ಪುಸ್ತಕದ ವಿದ್ಯೆಯಷ್ಟೇ ಅಲ್ಲ, ಕೈಯ ಕುಶಲತೆಯೂ ಹೌದು. ಮರುಭೂಮಿಯಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವಾಗ ಕಮ್ಮಾರಿಕೆ, ಮರಗೆಲಸ ಬಲ್ಲ ಬೆಚಲೇಲನಿಗೆ ದೇವರು ತುಂಬಿದ್ದು ಇದನ್ನೇ. ಅದೇ ಗುಡಾರದ ಬಟ್ಟೆಗಾಗಿ ನೂಲು ತೆಗೆದ ಹೆಂಗಸರನ್ನೂ ವಿಮೋಚನಕಾಂಡದ 35ನೆಯ ಅಧ್ಯಾಯ ಹೃದಯದಲ್ಲಿ ಜ್ಞಾನವುಳ್ಳವರೆಂದು ಕರೆದಿದೆ. ಹೀಗಿರಲು ಕದಿರೂ ಜ್ಞಾನದ ಸಾಧನವೇ. ಅದನ್ನು ಕೀಳೆಂದು ನಾವು ಹೇಳುತ್ತಿಲ್ಲ. ಕದಿರೊಂದೇ ಎನ್ನುವುದಕ್ಕೆ ನಮ್ಮ ತಕರಾರು.

ಎಂಟನೆಯ ಅಧ್ಯಾಯದಲ್ಲಿ ಈ ಸ್ತ್ರೀ ತನ್ನ ಪೂರ್ವೋತ್ತರವನ್ನು ಹೇಳಿಕೊಳ್ಳುತ್ತಾಳೆ. ಬೆಟ್ಟಗಳು ನೆಲೆಗೊಳ್ಳುವ ಮುನ್ನ, ಸಾಗರಕ್ಕೆ ಎಲ್ಲೆ ಗೊತ್ತಾಗುವ ಮುನ್ನ ತಾನಿದ್ದೆನೆಂದೂ, ದೇವರು ಜಗತ್ತನ್ನು ಕಟ್ಟುವಾಗ ಬಳಿಯಲ್ಲೇ ಇದ್ದು ನಲಿದೆನೆಂದೂ, ಮನುಷ್ಯರ ನಡುವೆ ಇರುವುದೇ ತನಗೆ ಸಂತೋಷವೆಂದೂ ಹೇಳುತ್ತಾಳೆ. ‘ಸಿ’ ವರ್ಷದಲ್ಲಿ ಪರಮ ತ್ರಿತ್ವದ ಮಹೋತ್ಸವದಂದು ನಾವು ಕೇಳುವ ವಾಚನವಿದು. ಇದರ 22ನೆಯ ವಚನದ ಒಂದು ಕ್ರಿಯಾಪದದ ಮೇಲೆ ನಾಲ್ಕನೆಯ ಶತಮಾನದಲ್ಲಿ ಧರ್ಮಸಭೆಯೇ ಅಲುಗಾಡಿತು. ಗ್ರೀಕ್ ಅನುವಾದದಲ್ಲಿ ದೇವರು ಜ್ಞಾನವನ್ನು ‘ಸೃಷ್ಟಿಸಿದರು’ ಎಂದಿತ್ತು. ಜ್ಞಾನವೆಂದರೆ ಕ್ರಿಸ್ತರು ಎಂಬುದನ್ನು ಎರಡು ಪಕ್ಷದವರೂ ಒಪ್ಪಿದ್ದರು. ಹಾಗಾದರೆ ಕ್ರಿಸ್ತರೂ ಸೃಷ್ಟಿಯೇ ಎಂದು ಆರಿಯುಸನ ಕಡೆಯವರು ವಾದಿಸಿದರು. 325ರಲ್ಲಿ ನಿಸೇಯ ಮಹಾಸಭೆ, ಪುತ್ರರು ಜನಿತರು, ಸೃಷ್ಟಿತರಲ್ಲ ಎಂದು ಸಾರಿತು. ಅನಂತರವೂ ಸಂತ ಅಥನಾಸಿಯುಸರು ಈ ಒಂದು ವಚನವನ್ನು ಬಿಡಿಸಿ ಹೇಳುವುದಕ್ಕೆ ಪುಟಗಟ್ಟಲೆ ಬರೆಯಬೇಕಾಯಿತು. ಸಂತ ಜೆರೋಮರು ಲತೀನಿಗೆ ತರುವಾಗ ಆ ಪದಕ್ಕೆ ‘ಹೊಂದಿದ್ದರು’ ಎಂಬ ಅರ್ಥವನ್ನು ಆರಿಸಿಕೊಂಡರು. ಹಿಬ್ರೂವಿನ ‘ಕಾನಾ’ ಎಂಬ ಆ ಕ್ರಿಯಾಪದವನ್ನು ಆದಿಕಾಂಡದಲ್ಲಿ ಬಳಸುವವಳು ಒಬ್ಬ ತಾಯಿ: ಕಾಯಿನನನ್ನು ಹೆತ್ತಾಗ ಹವ್ವಳು ಆಡುವ ಮಾತಿನಲ್ಲಿ ಅದಿದೆ. ಧರ್ಮಪಂಡಿತರನ್ನು ಇಷ್ಟು ಕಾಡಿದ ಪದ ಹೆರಿಗೆಯ ಮನೆಯಲ್ಲೂ ಕೇಳಿಬಂದದ್ದು ಎಂಬುದು ನಮಗೆ ಪ್ರಿಯವಾದ ಸಂಗತಿ.

ಒಂಬತ್ತನೆಯ ಅಧ್ಯಾಯದಲ್ಲಿ ಅವಳು ಏಳು ಕಂಬಗಳ ಮನೆ ಕಟ್ಟಿ, ಅಡುಗೆ ಮಾಡಿಸಿ, ದ್ರಾಕ್ಷಾರಸ ಬೆರೆಸಿ, ಊರವರನ್ನೆಲ್ಲ ಊಟಕ್ಕೆ ಕರೆಯುತ್ತಾಳೆ. ಅದೇ ಅಧ್ಯಾಯದ ಕೊನೆಗೆ ಇನ್ನೊಬ್ಬಳು ಬಾಗಿಲಲ್ಲಿ ಕುಳಿತಿದ್ದಾಳೆ. ಅವಳ ಹೆಸರು ಮೂಢತನ. ಇಬ್ಬರೂ ದಾರಿಹೋಕರನ್ನು ಕರೆಯುವ ಮೊದಲ ಮಾತು ಹಿಬ್ರೂವಿನಲ್ಲಿ ಹೆಚ್ಚುಕಡಿಮೆ ಅಕ್ಷರಕ್ಕಕ್ಷರ ಒಂದೇ! ದನಿಯಿಂದ ಯಾರು ಯಾರೆಂದು ಗುರುತಿಸಲಾಗದು, ಬಡಿಸುವುದನ್ನು ನೋಡಬೇಕು. ಒಬ್ಬಳು ತಾನು ಸಿದ್ಧಪಡಿಸಿದ್ದನ್ನು ಬಡಿಸುತ್ತಾಳೆ, ಇನ್ನೊಬ್ಬಳು ಕದ್ದ ನೀರಿನ ರುಚಿಯನ್ನು ಹೊಗಳುತ್ತಾಳೆ. ಈ ಗ್ರಂಥಕಾರರು ಸ್ತ್ರೀಯನ್ನು ಸುಮ್ಮನೆ ಪೂಜಿಸಿ ಮೂಲೆಗಿಡುವವರಲ್ಲ. ಅವಳ ಮಾತನ್ನು ತೂಗಿ ನೋಡಿರೆನ್ನುವವರು. ತೂಗಬೇಕಾದರೆ ಮೊದಲು ಕೇಳಬೇಕಷ್ಟೆ.

ಜ್ಞಾನಕ್ಕೆ ಸ್ತ್ರೀರೂಪ ಬಂದದ್ದಕ್ಕೆ ವಿದ್ವಾಂಸರು ನಾನಾ ಕಾರಣಗಳನ್ನು ಮುಂದಿಡುತ್ತಾರೆ. ಈಜಿಪ್ಟಿನವರ ಮಾತ್ ದೇವತೆಯ ಛಾಯೆಯನ್ನು ಕಂಡವರಿದ್ದಾರೆ. ನಮಗೆ ಹೆಚ್ಚು ಒಪ್ಪಿಗೆಯಾಗುವುದು ಅಮೆರಿಕದ ವಿದುಷಿ ಕ್ಲಾಡಿಯಾ ಕ್ಯಾಂಪ್ 1985ರಲ್ಲಿ ಪ್ರಕಟಿಸಿದ ಗ್ರಂಥದ ವಿಚಾರ: ಬಾಬಿಲೋನಿನ ಸೆರೆಯಿಂದ ಮರಳಿದ ಜನಕ್ಕೆ ಅರಸರಿರಲಿಲ್ಲ, ಸಮಾಜದ ನಡುಗಂಬ ಮನೆಯೇ ಆಯಿತು, ಮನೆಯನ್ನು ಕಟ್ಟಿದ ಹೆಂಗಸರ ಬುದ್ಧಿ ಎಲ್ಲರ ಕಣ್ಣಿಗೂ ಬಿತ್ತು. ಜ್ಞಾನೋಕ್ತಿಗಳ ಮೊದಲ ಅಧ್ಯಾಯವೇ ಮಗನಿಗೆ ತಾಯಿಯ ಬೋಧೆಯನ್ನು ತೊರೆಯಬೇಡವೆನ್ನುತ್ತದೆ. ಅಲ್ಲಿ ತಾಯಿಯ ಬೋಧೆಗೆ ಬಳಸಿರುವ ಪದ ‘ತೋರಾ’. ಮೋಶೆಯ ಧರ್ಮಶಾಸ್ತ್ರಕ್ಕೂ ಅದೇ ಪದ. ಕೊನೆಯ ಅಧ್ಯಾಯವಾದರೂ ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ ಮಾತುಗಳಿಂದ ತೊಡಗುತ್ತದೆ. ಕುಡಿದು ನ್ಯಾಯ ಮರೆಯಬೇಡ, ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎಂಬುದು ಆ ತಾಯಿಯ ಬುದ್ಧಿವಾದ.

ಇನ್ನು ಸಮುವೇಲನ ಎರಡನೆಯ ಗ್ರಂಥದ 20ನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸಿದ್ದಾಳೆ. ಅವಳಿಗೆ ಹೆಸರನ್ನೂ ಯಾರೂ ಕೊಟ್ಟಿಲ್ಲ. ದಾವೀದನ ವಿರುದ್ಧ ದಂಗೆಯೆದ್ದ ಶೆಬನು ಆಬೇಲ್ ಎಂಬ ಪಟ್ಟಣದಲ್ಲಿ ಅಡಗಿಕೊಂಡಾಗ ಸೇನಾಪತಿ ಯೋವಾಬನು ಬಂದು ಕೋಟೆಯನ್ನೇ ಕೆಡವತೊಡಗಿದನು. ಆಗ ಆ ಹೆಂಗಸು ಪಟ್ಟಣದೊಳಗಿಂದ ಯೋವಾಬನನ್ನು ಕೂಗಿ ಕರೆದು, ಇಸ್ರಯೇಲಿಗೆ ತಾಯಿಯಂತಿರುವ ಊರನ್ನು ನುಂಗಲು ಬಂದೆಯಾ ಎಂದು ಪ್ರಶ್ನಿಸಿದಳು. ಮಾತುಕತೆ ನಡೆಯಿತು. ಒಬ್ಬ ಅಪರಾಧಿಯನ್ನು ಒಪ್ಪಿಸಿದರೆ ಊರು ಉಳಿಯುವುದೆಂದು ಗೊತ್ತಾಯಿತು. ಅವಳು ತನ್ನ ಹೊಖ್ಮಾದಿಂದ ಜನರೆಲ್ಲರ ಬಳಿಗೆ ಹೋದಳೆಂದು ಶ್ರೀಗ್ರಂಥ ಹೇಳುತ್ತದೆ. ಶೆಬನ ತಲೆ ಕೋಟೆಯಿಂದ ಹೊರಬಿತ್ತು, ಸೈನ್ಯ ಮರಳಿತು. ಕಥೆ ಕಠೋರ. ಆದರೆ ಒಂದು ಪಟ್ಟಣದ ಜೀವ ಉಳಿದದ್ದು, ಶತ್ರುವಿನ ಸೇನಾಪತಿ ಒಬ್ಬ ಹೆಂಗಸಿನ ಮಾತಿಗೆ ನಿಂತು ಕಿವಿಗೊಟ್ಟದ್ದರಿಂದ.

ಕಥೋಲಿಕರ ಬೈಬಲಿನಲ್ಲಿ ಜ್ಞಾನದ ಈ ಸ್ತ್ರೀಗೆ ಇನ್ನೂ ಎರಡು ನೆಲೆಗಳಿವೆ. ಗ್ರೀಕಿನಲ್ಲಿ ರಚಿತವಾದ ಸೊಲೊಮೋನನ ಜ್ಞಾನಗ್ರಂಥ ಒಂದು. ಕ್ರಿಸ್ತಪೂರ್ವ 180ರ ಸುಮಾರಿಗೆ ಹಿಬ್ರೂವಿನಲ್ಲಿ ಬರೆಯಲಾದ ಸಿರಾಕನ ಗ್ರಂಥ ಇನ್ನೊಂದು. ಸಿರಾಕನ 24ನೆಯ ಅಧ್ಯಾಯದಲ್ಲಿ ಅವಳು ಪರಾತ್ಪರರ ಬಾಯಿಂದ ಹೊರಟು, ನೆಲೆಗಾಗಿ ಜಗತ್ತನ್ನೆಲ್ಲ ಸುತ್ತಿ, ಕೊನೆಗೆ ಯಕೋಬ ವಂಶದವರ ನಡುವೆ ಗುಡಾರ ಹಾಕುತ್ತಾಳೆ. ಸಂತ ಯೊವಾನ್ನರು ವಾರ್ತೆಯು ಮನುಷ್ಯರಾಗಿ ನಮ್ಮ ನಡುವೆ ನೆಲೆಸಿದ್ದನ್ನು ಬರೆಯುವಾಗ ಬಳಸುವ ಗ್ರೀಕ್ ಪದದಲ್ಲಿಯೂ ಆ ಗುಡಾರದ ಅರ್ಥವಿದೆ. ಆದರೆ ಅದೇ ಸಿರಾಕನೇ ಮುಂದಿನ ಅಧ್ಯಾಯದಲ್ಲಿ, ಪಾಪದ ಮೊದಲು ಹೆಂಗಸಿನಿಂದಲೇ ಎಂದು ಬರೆದುಬಿಟ್ಟಿದ್ದಾನೆ. ಜ್ಞಾನವನ್ನು ಸ್ತ್ರೀಯೆಂದು ಕೊಂಡಾಡುವ ಲೇಖನಿಗೇ ಮನೆಯ ಸ್ತ್ರೀಯ ಬಗ್ಗೆ ಕಹಿ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆಗಳ ಕಥೆಯೂ ಇದಕ್ಕಿಂತ ಭಿನ್ನವೇನಲ್ಲ.

ಸಿರಾಕನ ಹಿಬ್ರೂ ಮೂಲ ಶತಮಾನಗಳ ಕಾಲ ಕಣ್ಮರೆಯಾಗಿ, ಗ್ರೀಕ್ ಮೊದಲಾದ ಅನುವಾದಗಳಷ್ಟೇ ಉಳಿದಿದ್ದವು. 1896ರಲ್ಲಿ ಅದರ ಒಂದು ಹಾಳೆಯನ್ನು, ಏನೆಂದು ತಿಳಿಯದೆಯೇ ಪೂರ್ವದೇಶಗಳ ಪ್ರವಾಸದಿಂದ ಕೊಂಡು ತಂದವರು ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು. ಅವರು ಅದನ್ನು ಕೇಂಬ್ರಿಜಿನ ಸೊಲೊಮನ್ ಶೆಕ್ಟರರಿಗೆ ತೋರಿಸಿದ ಮೇಲೆ ಅದರ ಬೆಲೆ ಗೊತ್ತಾಯಿತು; ಮುಂದೆ ಕೈರೋವಿನ ಯೆಹೂದ್ಯ ಪ್ರಾರ್ಥನಾಮಂದಿರದ ಉಗ್ರಾಣದಿಂದ ಇನ್ನಷ್ಟು ಹಾಳೆಗಳು ದೊರೆತವು. ಸಹೋದರಿಯರಿಬ್ಬರೂ ಪ್ರೆಸ್ಬಿಟೇರಿಯನ್ ಪಂಥದವರು. ಅವರ ಬೈಬಲಿನಲ್ಲಿ ಸಿರಾಕನ ಗ್ರಂಥವೇ ಇಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯವೋ ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಟ್ಟದ್ದು 1948ರಿಂದ.

ಜ್ಞಾನವೆಂಬ ಸ್ತ್ರೀ ಬೇರೊಂದು ದೇವತೆಯಲ್ಲ. ಒಬ್ಬರೇ ದೇವರ ಜ್ಞಾನಕ್ಕೆ ಶ್ರೀಗ್ರಂಥ ಕೊಟ್ಟ ಮುಖವದು. ಸಂತ ಪೌಲರು ಕ್ರಿಸ್ತರನ್ನೇ ದೇವರ ಜ್ಞಾನವೆಂದು ಕರೆದಿದ್ದಾರೆ. ಲೊರೇಟೊ ಪ್ರಾರ್ಥನಾಮಾಲೆಯಲ್ಲಿ ನಾವು ದೇವಮಾತೆಯನ್ನು ಜ್ಞಾನದ ಪೀಠವೆಂದು ಸ್ತುತಿಸುತ್ತೇವೆ. ಇಷ್ಟಾದರೂ ಆವಿಲಾದ ಸಂತ ತೆರೇಸಮ್ಮನವರನ್ನೂ ಸಿಯೆನಾದ ಸಂತ ಕ್ಯಾಥರೀನರನ್ನೂ ಧರ್ಮಸಭೆಯ ಪಂಡಿತರೆಂದು ಘೋಷಿಸುವುದಕ್ಕೆ 1970 ಬರಬೇಕಾಯಿತು. ಅದಕ್ಕೆ ಮುಂಚೆ ಆ ಪಟ್ಟಿಯಲ್ಲಿ ಸ್ತ್ರೀಯೊಬ್ಬಳೂ ಇರಲಿಲ್ಲ. ಹೆಂಗಸರು ಪೀಠದ ಬಳಿ ನಿಂತು ವಾಚನ ಓದುವುದು ನಮ್ಮಲ್ಲಿ ಹಳೆಯ ರೂಢಿಯಾದರೂ, ವಾಚಕರೆಂಬ ಅಧಿಕೃತ ಸೇವಾಪದವಿಯನ್ನು ಜಗದ್ಗುರು ಫ್ರಾನ್ಸಿಸ್‌ರವರು ಅವರಿಗೆ ತೆರೆದದ್ದು 2021ರ ಜನವರಿಯಲ್ಲಿ.

ವಾಚನಗ್ರಂಥವನ್ನು ಬದಲಿಸುವ ಅಧಿಕಾರ ನಮಗಿಲ್ಲ, ನಮ್ಮ ಗುರುಗಳಿಗೂ ಇಲ್ಲ. ಆದರೆ ಜಪಸರದ ಹೊತ್ತಿನಲ್ಲಿ, ಕಿರು ಕ್ರೈಸ್ತ ಸಮುದಾಯಗಳ ಕೂಟದಲ್ಲಿ ಆ 22 ವಚನಗಳನ್ನು ಪೂರ್ತಿ ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಮದುವೆ ಗೊತ್ತಾದ ಮನೆಗಳಲ್ಲಿ ವರನ ಕಡೆಯವರೂ ಅದನ್ನು ಓದುವುದು ಒಳ್ಳೆಯದು.

ಇಷ್ಟು ಬರೆದ ಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಓದುಗರಿಗೆ ವಂಚನೆಯಾದೀತು. ಆ ನವೆಂಬರಿನಲ್ಲಿ ನಮ್ಮ ಹಿರಿಯರ ತೋಟದ ಪಾಲಿನ ಮಾತು ನಡೆದಿತ್ತು. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಅಂತಹ ಆಸ್ತಿಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲನ್ನು ಕೊಡುತ್ತದೆ ಎಂಬುದು ಅಣ್ಣತಮ್ಮಂದಿರಾದ ನಮಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದೇ ನಾವು ಜಗಲಿಯಲ್ಲಿ ಕುಳಿತು, ತಂಗಿಯರಿಬ್ಬರ ಸಹಿಗೆಂದು ಹಕ್ಕು ಬಿಡುಗಡೆ ಪತ್ರವನ್ನು ಬರೆಸಿಟ್ಟಿದ್ದೆವು. ಅವರು ಒಳಗೆ ಕಾಫಿ ಮಾಡುತ್ತಿದ್ದರು. ಆ ಶನಿವಾರ ಮನೆಯಾಕೆ ಆಡಿದ ಮಾತು ಹೊಲದ ಕುರಿತೇ ಎಂದು ನಮಗೆ ತಟ್ಟಲು ಎರಡು ದಿನ ಬೇಕಾಯಿತು.

ಮುಂದಿನ ವಾರ ತಂಗಿಯರನ್ನೂ ಜಗಲಿಗೆ ಕರೆದೆವು. ಹಿರಿಯಳು ಏನೂ ಹೇಳಲಿಲ್ಲ. ಕಿರಿಯಳು ಸರ್ವೆ ನಕ್ಷೆಯನ್ನು ತರಿಸಿ, ಮೊಣಕಾಲ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, “ಅಣ್ಣಾ, ಬಾವಿ ಯಾರ ಪಾಲಿಗೆ ಬರುತ್ತದೆ? ಬೇಸಗೆಯಲ್ಲಿ ಉಳಿದವರು ನೀರಿಗೆ ಎಲ್ಲಿಗೆ ಹೋಗಬೇಕು?” ಎಂದಳು. ಆರು ತಿಂಗಳ ಮಾತುಕತೆಯಲ್ಲಿ ನಮ್ಮಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.